ಕೊರಳ ಕುಳಿ

ಗುಳುಗುಳು, ಗುಳುಗುಳು, ಆಮ್ಲಜನಕದ ಯಂತ್ರಕ್ಕೆ ಸಿಕ್ಕಿಸಿದ ಬಾಟಲಿಯಲ್ಲಿ ನೀರು ಕುದಿಯುತ್ತಿರುವಂತೆ ಸದ್ದು, ಆದರೆ ಕುದಿಯುತ್ತಿಲ್ಲ, ತಣ್ಣಗಿದೆ, ಮಾಟ್ರೋನಾ ಮುಟ್ಟಿ ನೋಡಿದಳು, ಇಪ್ಪತ್ತಮೂರು ವರ್ಷ ಈ ಊರಿನ ಕ್ಲಿನಿಕ್ಕಿನಲ್ಲಿ ಆರೋಗ್ಯ ಸಹಾಯಕಿಯಾಗಿ ದುಡಿದರೂ ಆ ಬಾಟಲಿಯನ್ನು ಮುಟ್ಟಿ ನೋಡುವ ಚಟ ಹೋಗಿಲ್ಲ, ಚಹಾ ಇಟ್ಟಿದ್ದೀಯೇನೇ ಎಂದು ಅವನು ಛೇಡಿಸುತ್ತಿದ್ದ, ಅವನೆಂದರೆ ಇರಾಲುಕ್, ಅವಳ ಗಂಡ, ಬಾಗಿಲಲ್ಲೇ ನಿಂತು ಬೂಟಿನ ಹಿಮ ಕೊಡವುತ್ತ, ಒಳಗೆ ಬಂದರೆ ಎಲ್ಲಿ ತಕ್ಕಡಿ ಹತ್ತಿಸುತ್ತಾಳೋ ಎಂದು ಹೆದರಿ — ಮತ್ತೆ ಆ ಕುಳಿ. ಮಗುವಿನ ಕೊರಳ ಬುಡದಲ್ಲಿ, ಎರಡು ಎಲುಬು ಬಂದು ಕೂಡುವಲ್ಲಿ, ಪ್ರತಿ ಉಸಿರಿಗೂ ಒಳಕ್ಕೆ ಬೀಳುವ ಕುಳಿ, ಒಂದು ಕಾಡುಹಣ್ಣು ಕೂರುವಷ್ಟು. ಬಿತ್ತು, ಎದ್ದಿತು, ಬಿತ್ತು. ನಿಮಿಷಕ್ಕೆ ಎಪ್ಪತ್ತಾರು, ಬೆಳಿಗ್ಗೆ ಅರವತ್ತೆಂಟಿತ್ತು, ಎಣಿಸಿ ಎಣಿಸಿ ಕಣ್ಣು ಅಲ್ಲೇ ನೆಟ್ಟುಹೋಗಿದೆ, ಎಲ್ಲಿ ನೋಡಿದರೂ ಅದೇ ಬಿದ್ದೇಳುತ್ತದೆ, ಗೋಡೆಯ ಮೇಲೆ, ಕೈಗಡಿಯಾರದ ಮೇಲೆ, ಕಿಟಕಿಯ ಮೇಲೆ. ಕಿಟಕಿಯಾಚೆ ಏನೂ ಇಲ್ಲ. ಮಧ್ಯಾಹ್ನ ಹನ್ನೆರಡೂವರೆ, ಫೆಬ್ರವರಿ, ಸೂರ್ಯ ಇರಬೇಕು, ಮುನ್ನೂರು ಹೆಜ್ಜೆಯಾಚೆ ರನ್‌ವೇ ಇರಬೇಕು, ಅದರಾಚೆ ಕುಸ್ಕೊಕ್ವಿಮ್ ನದಿ ಮಂಜುಗಡ್ಡೆ ಕಟ್ಟಿ ಮಲಗಿರಬೇಕು, ಎಲ್ಲವನ್ನೂ ಬಿಳುಪು ನುಂಗಿ ಕೂತಿದೆ, ಗಾಳಿಯೊಂದೇ ತಗಡಿನ ಗೋಡೆ ಬಡಿಯುತ್ತಿದೆ. ಚಿಕ್ಕಮ್ಮ, ಮಲಗಿಸ್ಲಾ, ಎತ್ಕೊಂಡೇ ಇರ್ಲಾ? ಮಗುವಿನ ತಾಯಿ ಕೇಲೀನ್ ಕೇಳುತ್ತಿದ್ದಾಳೆ, ಎರಡು ದಿನದಿಂದ ತಲೆ ಬಾಚಿಲ್ಲ ಹುಡುಗಿ, ಹಾಲು ಕಟ್ಟಿಕೊಂಡು ಅಂಗಿಯ ಎದೆ ಒದ್ದೆ. ಎತ್ಕೊಂಡೇ ಇರು, ತಲೆ ಸ್ವಲ್ಪ ಮೇಲಿರ್ಲಿ. ಹೀಗಾ? ಹಾಗೇ. ಧ್ವನಿ ಮಾಸ್ಕಿನೊಳಗಿಂದ ಬರುತ್ತದೆ, ಅದು ತನ್ನ ಧ್ವನಿಯಲ್ಲ ಎನಿಸುತ್ತದೆ, ಮಾಸ್ಕಿನೊಳಗೆ ಮೂಗು ಇನ್ನೂ ಸ್ವಲ್ಪ ಸ್ವಲ್ಪ ಸೋರುತ್ತಿದೆ, ಒಳಕ್ಕೆ ಎಳೆದುಕೊಂಡಳು, ಸದ್ದಾಗದಂತೆ.

ವೈರ್‌ಲೆಸ್ ಪೆಟ್ಟಿಗೆ ಕರಕರ ಎಂದಿತು, ನೆಲ್ಸ್, ರನ್‌ವೇ ನೋಡಿಕೊಳ್ಳುವವನು, ಇರಾಲುಕನ ಜೊತೆ ಮೂವತ್ತು ವರ್ಷ ಬೇಟೆಗೆ ಹೋದವನು, ಮಾಟ್ರೋನಕ್ಕ, ಇನ್ನೂ ಇಲ್ಲ, ದೊಡ್ಡೂರಿಂದ ಆಸ್ಪತ್ರೆ ವಿಮಾನ ಎದ್ದೇ ಇಲ್ಲ, ಇಲ್ಲಿ ನನ್ನ ಕೈ ನನಗೇ ಕಾಣ್ತಿಲ್ಲ, ಪೈಲಟ್‌ಗೆ ರನ್‌ವೇ ಕಾಣುತ್ತಾ ಹೇಳು, ನಮ್ಮವನು ಹೇಗಿದ್ದಾನೆ? ಇದ್ದಾನೆ. ಬೈತಿದ್ದಾನಾ? ಬೈಯೋಕೆ ಉಸಿರಿಲ್ಲ, ನೆಲ್ಸ್. ನಮ್ಮವನು ಎನ್ನುತ್ತಾನೆ ನೆಲ್ಸ್, ಕಾಗದದಲ್ಲಿ ಲೊರೇಟಾ, ಏಳು ವಾರದ ಹೆಣ್ಣುಮಗು, ಆದರೆ ಆ ಹೆಸರು ಆಸ್ಪತ್ರೆಯವರಿಗೆ, ಇರಾಲುಕ್ ತೀರಿಹೋದ ಮೇಲೆ ಊರಿಗೆ ಹುಟ್ಟಿದ ಮೊದಲ ಕೂಸಿದು, ಸತ್ತವರು ಮುಂದೆ ಹುಟ್ಟುವ ಕೂಸಾಗಿ ಬರುತ್ತಾರೆಂದು ಊರಿನ ನಂಬಿಕೆ, ಹಾಗಾಗಿ ಇದೇ ಇರಾಲುಕ್, ಹೆಣ್ಣಾದರೇನಂತೆ, ಹೋದವನು ತೆರೆದಿರುವ ಬಾಗಿಲಲ್ಲಿ ಒಳಗೆ ಬರುತ್ತಾನೆ, ಇದು ಗಂಡಸರದು ಇದು ಹೆಂಗಸರದು ಎಂದು ಹೊರಗೆ ನಿಂತು ಯೋಚಿಸುವ ಜಾಯಮಾನ ಅವನದೂ ಅಲ್ಲ. ಕೇಲೀನ್ ಅವನ ಅಣ್ಣನ ಮಗಳು, ತಾನು ಹೆತ್ತದ್ದನ್ನೇ ಚಿಕ್ಕಪ್ಪ ಎಂದು ಕರೆಯುತ್ತಾಳೆ, ಚಿಕ್ಕಪ್ಪ ಮತ್ತೆ ಬಟ್ಟೆ ಒದ್ದೆ ಮಾಡ್ಕೊಂಡ್ರು ನೋಡಿ ಚಿಕ್ಕಮ್ಮ, ನಿಮ್ಮ ಯಜಮಾನ್ರಿಗೆ ನಾಚಿಕೆ ಇಲ್ಲ. ಹೆರಿಗೆ ದೊಡ್ಡೂರಿನ ಆಸ್ಪತ್ರೆಯಲ್ಲಿ, ತೂಕ ಕಮ್ಮಿಯೆಂದು ಆರು ವಾರ ಅಲ್ಲೇ ಇಟ್ಟುಕೊಂಡರು, ಕಳೆದ ಶನಿವಾರ ತಾಯಿ ಮಗು ಬಂದಿಳಿದರು, ಭಾನುವಾರ ಊಟ — ಭಾನುವಾರ ಬೇಡ, ಈಗ ಬೇಡ, ಮೂಗಿಗೆ ಉಪ್ಪುನೀರಿನ ಹನಿ ಹಾಕುವ ಹೊತ್ತಾಯಿತು. ಎರಡು ಹನಿ, ರಬ್ಬರಿನ ಉಂಡೆ ಒತ್ತಿ, ಇಟ್ಟು, ಬಿಟ್ಟು, ಸೊರ್ ಎಂದು ಸಿಂಬಳ ಎಳೆ ಎಳೆಯಾಗಿ ಬಂತು, ಅಂಟಂಟು, ಮಗು ಅಳಲು ಬಾಯಿ ತೆರೆಯಿತು, ಅಳು ಹೊರಗೆ ಬರಲಿಲ್ಲ, ಬೆರಳಿಗೆ ಸಿಕ್ಕಿಸಿದ, ರಕ್ತದ ಆಮ್ಲಜನಕ ಅಳೆಯುವ ಕೆಂಪು ದೀಪದ ಪೆಟ್ಟಿಗೆ ಎಂಬತ್ತೊಂಬತ್ತು ಎಂದಿತು, ತೊಂಬತ್ತಕ್ಕೆ ಏರು, ಏರು ಮಹರಾಯ, ತೊಂಬತ್ತೊಂದು. ಕುಳಿ ಬಿತ್ತು, ಎದ್ದಿತು.

ಭಾನುವಾರ ಕೇಲೀನಳ ಮನೆಯಲ್ಲಿ ಊಟ, ಮೂಸ್ ಜಿಂಕೆಯ ಮಾಂಸದ ಸಾರು, ಒಣಗಿಸಿದ ಸಾಲ್ಮನ್, ಕೊಬ್ಬಿನಲ್ಲಿ ಕಾಡುಹಣ್ಣು ಕಲಸಿದ ಅಕುತಾಕ್ ಒಂದು ದೊಡ್ಡ ಬೋಗುಣಿ ತುಂಬ, ಒಲೆಯ ಹತ್ತಿರ ಗಂಡಸರು, ನಡುವೆ ಬೆಂಚು ಅಡ್ಡ ಇಟ್ಟು ಈ ಕಡೆ ಮಗುವಿನ ತೊಟ್ಟಿಲು, ಕೇಲೀನ್ ಬಾಗಿಲಲ್ಲೇ ಕಾವಲು ಕೂತಿದ್ದಳು, ಮೂಗು ಸೋರುವವರಿಗೆಲ್ಲ ಅಲ್ಲಿಂದಲೇ ಸಾರಿನ ಬಟ್ಟಲು ಕೊಟ್ಟು ವಾಪಸ್ ಕಳಿಸುತ್ತಿದ್ದಳು, ಆ ವಾರ ಊರಿಗೆ ಊರೇ ಮೂಗು ಸೀಟುತ್ತಿತ್ತು. ಯಾರು ಹೇಳಿಕೊಟ್ಟದ್ದು ಅವಳಿಗೆ? ಮಾಟ್ರೋನಾ ಹೇಳಿಕೊಟ್ಟದ್ದು. ಕ್ಲಿನಿಕ್ಕಿನ ಗೋಡೆಯ ಮೇಲೆ ಇದೇ ಕೈಯಿಂದ ದಪ್ಪಕ್ಷರದಲ್ಲಿ ಬರೆದು ಅಂಟಿಸಿದ್ದಾಳೆ, ಶೀತ ಇದ್ದವರು ಎಳೆಗೂಸಿನ ಹತ್ತಿರ ಹೋಗಬೇಡಿ, ದೊಡ್ಡವರಿಗೆ ನೆಗಡಿ, ಮಕ್ಕಳಿಗೆ ನ್ಯುಮೋನಿಯಾ, ಅದು ಈಗಲೂ ಕೇಲೀನಳ ತಲೆಯ ಹಿಂದೆಯೇ ಇದೆ, ಒಂದು ಮೂಲೆ ಕಿತ್ತುಬಂದಿದೆ. ಗುರುವಾರ ಶುರುವಾಗಿತ್ತು ಅವಳಿಗೆ, ಗಂಟಲಲ್ಲಿ ಒಂದಿಷ್ಟು ಕೆರೆತ, ಶುಕ್ರವಾರ ಎರಡು ಸೀನು, ಜ್ವರವಿಲ್ಲ, ಕೆಮ್ಮಿಲ್ಲ, ಇಂಥದ್ದಕ್ಕೆ ರಜೆ ಹಾಕುವವರು ಯಾರು, ಮಾಸ್ಕ್ ಕಟ್ಟಿಕೊಂಡು ಕೆಲಸ ಮಾಡಿದಳು, ಭಾನುವಾರವೂ ಮಾಸ್ಕ್ ಕಟ್ಟಿಕೊಂಡೇ ಹಿಮದಲ್ಲಿ ನಡೆದು ಹೋದಳು, ಕಂಕುಳಲ್ಲಿ ಟೊಪ್ಪಿ, ಇರಾಲುಕನ ಹಳೆಯ ಬೀವರ್ ತುಪ್ಪಳದ ಟೊಪ್ಪಿಯನ್ನು ಬಿಚ್ಚಿ, ಕತ್ತರಿಸಿ, ಕಿತ್ತಳೆ ಹಣ್ಣಿನಷ್ಟು ತಲೆಗೆ ಹೊಲಿದದ್ದು, ಹೊಲಿಯುವಾಗ ಅವನ ಬೆವರಿನ ವಾಸನೆ ಬಂದು ಮೂರು ಸಲ ಎದ್ದು ಹೋಗಿ ಬಂದಿದ್ದಳು. ಬಾಗಿಲಲ್ಲಿ ಕಾಲಿಟ್ಟದ್ದೇ ನೆಲ್ಸ್ ಒಲೆಯ ಹತ್ತಿರದಿಂದ ಕೂಗಿದ, ಬಂದ್ಲಪ್ಪಾ ನಿನ್ ಹೆಂಡ್ತಿ, ಎದ್ದು ಕೂತ್ಕೋ ಇರಾಲುಕ್, ಹಲ್ಲೆಲ್ಲಿ ಅಂತ ಕೇಳ್ತಾಳೆ ಈಗ. ಮುಂಚೆ ತಾನೇ ಎಷ್ಟಿದ್ವು ಎಂದಳು ಮಾಟ್ರೋನಾ, ಮನೆಯೆಲ್ಲ ಹೋ ಎಂದು ನಕ್ಕಿತು, ನವೆಂಬರಿನಿಂದ ಮೊದಲ ಸಲ ಅವಳೂ ನಕ್ಕಳು, ನಗುನಗುತ್ತಲೇ ಕಿವಿಯ ಹಿಂದೆ ಕೈ ಹೋಯಿತು, ಮಾಸ್ಕಿನ ದಾರಕ್ಕೆ. ಕೈ ಹೋಯಿತು ಎಂದರೆ? ಕೈ ತಾನಾಗಿ ಹೋಗುತ್ತದೆಯೇ? ತೆಗೆದಳು. ಮಡಚಿ ಜೇಬಿಗಿಟ್ಟಳು, ಕೇಲೀನ್ ಆಗ ಬಾಗಿಲಲ್ಲಿ ಇನ್ನಾರಿಗೋ ಸಾರು ಕೊಡುತ್ತಿದ್ದಳು. ಮಗುವನ್ನೆತ್ತಿ ಕೆನ್ನೆಗೆ ಮೂಗೊತ್ತಿ ಉಸಿರೆಳೆದುಕೊಂಡಳು, ಈ ಕೆನ್ನೆ, ಆ ಕೆನ್ನೆ, ಕೊರಳ ಮಡಿಕೆ, ಹಾಲಿನ ವಾಸನೆ, ಟೊಪ್ಪಿಯ ವಾಸನೆ, ಬಂದ್ಯಾ ಮುದುಕಾ, ಇಷ್ಟು ಹೊತ್ತು ಮಾಡ್ದ್ಯಲ್ಲಾ, ಮೂಗಿನ ತುದಿ ಒದ್ದೆಯಾಗಿತ್ತು, ಅಳುವಿನಿಂದ ಎಂದುಕೊಂಡಳು, ಮಗುವಿನ ಕೆನ್ನೆಯ ಮೇಲೆ ಮಿಣಮಿಣ ಹೊಳೆಯಿತು, ತೋಳಿನ ಅಂಚಿನಿಂದ ಒರೆಸಿದಳು. ಅದನ್ನು ಯಾರೂ ನೋಡಲಿಲ್ಲ.

ಮಾಟ್ರೋನಾ, ಇದ್ದೀರಾ? ಫೋನು ಮೇಜಿನ ಮೇಲೆ, ಎಲ್ಲರಿಗೂ ಕೇಳುವ ಹಾಗೆ ಇಟ್ಟದ್ದು, ಡಾಕ್ಟರ್ ಹಾಲ್ವರ್ಸನ್, ದೊಡ್ಡೂರಿನವರು, ಅವರ ಮುಖ ನೋಡಿ ಎರಡು ವರ್ಷವಾಯಿತು, ಧ್ವನಿಯಲ್ಲೇ ಪರಿಚಯ. ಇದ್ದೀನಿ ಡಾಕ್ಟ್ರೇ. ಊರಲ್ಲಿ ಶೀತ ಓಡಾಡ್ತಿದೆ, ಅದು ಗೊತ್ತು, ಮೂಗಿನ ಪರೀಕ್ಷೆಯ ಕಡ್ಡಿಗಳು ನಿಮ್ಮಲ್ಲಿ ಮುಗಿದಿವೆ, ಅದೂ ಗೊತ್ತು, ಅದಕ್ಕೇ ಬಾಯಲ್ಲಿ ಕೇಳ್ತಿದ್ದೀನಿ, ಮಗೂನ ಮುಟ್ಟಿದೋರಲ್ಲಿ, ಎತ್ಕೊಂಡೋರಲ್ಲಿ, ಯಾರಿಗಾದ್ರೂ ನೆಗಡಿ ಇತ್ತಾ? ಮಾಟ್ರೋನಾ ಬಾಯಿ ತೆರೆಯುವುದರೊಳಗೆ ಕೇಲೀನ್ ಹೇಳಿಬಿಟ್ಟಳು, ಇಲ್ಲ ಡಾಕ್ಟ್ರೇ, ಒಬ್ರನ್ನೂ ಬಿಟ್ಟಿಲ್ಲ, ನಂಗಿಲ್ಲ, ನನ್ ಗಂಡಂಗಿಲ್ಲ, ನಮ್ಮ ಚಿಕ್ಕಮ್ಮ ಒಬ್ರೇ ಎತ್ಕೊಂಡಿದ್ದು, ಅವ್ರು ಇವ್ರೇ, ನಿಮ್ ಮಾಟ್ರೋನಾ, ಅವ್ರಿಗೆ ಗೊತ್ತಿಲ್ವಾ ಇದೆಲ್ಲ. ಹೆಮ್ಮೆಯಿಂದ ಹೇಳಿದಳು. ಆಗ ಹೇಳಬಹುದಿತ್ತು, ಆ ಒಂದು ಗಳಿಗೆಯಲ್ಲಿ, ಮಾತು ನಾಲಿಗೆಯ ತುದಿಗೆ ಬಂದಿತ್ತು, ಮಾಸ್ಕ್ ಅಡ್ಡ ಇತ್ತು. ಸರಿ ಹಾಗಾದ್ರೆ, ಎಂದರು ಡಾಕ್ಟರು, ಶೀತದ ವೈರಸ್ ಅನ್ನೋ ಅನುಮಾನ ಕಮ್ಮಿ ಮಾಡೋಣ, ಬ್ಯಾಕ್ಟೀರಿಯಾ ಅನ್ಕೊಂಡೇ ಮುಂದೆ ಹೋಗೋಣ, ಬೆಳಿಗ್ಗೆ ನೀವು ತೊಡೆಗೆ ಕೊಟ್ಟ ಇಂಜೆಕ್ಷನ್ ಸಂಜೆಯೊಳಗೆ ಹಿಡೀಬೇಕು, ಬೇಕಾದ್ರೆ ಸ್ವಲ್ಪ ಸ್ವಲ್ಪ ಹಾಲು ಕೊಡಿ, ಶಕ್ತಿ ಬೇಕು, ಹತ್ತು ನಿಮಿಷಕ್ಕೆ ಮತ್ತೆ ಬರ್ತೀನಿ. ಶೀತದ್ದಾಗಿದ್ದರೆ ಬೇರೆ ಲೆಕ್ಕ, ಅದು ಅವಳಿಗೆ ಪುಸ್ತಕ ನೋಡದೆ ಗೊತ್ತು, ಆ ವೈರಸ್ಸಿಗೆ ಇಂಜೆಕ್ಷನ್ ನಾಟುವುದಿಲ್ಲ, ಹಾಲು ನಿಲ್ಲಿಸಬೇಕು, ಕಣ್ಣು ಕೀಳದೆ ಕಾಯಬೇಕು, ಇಷ್ಟು ಚಿಕ್ಕ ಕೂಸುಗಳು ಅದು ಹಿಡಿದಾಗ ಉಸಿರಾಡುವುದನ್ನೇ ಮರೆಯುತ್ತವೆ, ವಿಮಾನದವರು ಮೂಗಿಗೆ ಗಾಳಿಯೊತ್ತುವ ಸಣ್ಣ ಯಂತ್ರ ತರಬೇಕು, ಹೇಳದಿದ್ದರೆ ತರುವುದಿಲ್ಲ. ಎಲ್ಲ ಗೊತ್ತು. ಗೊತ್ತಿದ್ದೂ ಬಾಯಿ ಬಿಡುತ್ತಿಲ್ಲ.

ಯಾಕೆಂದರೆ ಬ್ಯಾಕ್ಟೀರಿಯಾ ಇರಬಹುದಲ್ಲ, ಯಾಕಿರಬಾರದು, ದೊಡ್ಡ ರೋಗವೇ ಇರಲಿ, ದೊಡ್ಡ ರೋಗಕ್ಕೆ ಮದ್ದಿದೆ, ದೊಡ್ಡ ರೋಗವನ್ನು ಯಾರೂ ಮುದ್ದಿಸಿ ಅಂಟಿಸುವುದಿಲ್ಲ, ದೇವರೇ ದೊಡ್ಡದೇ ಇರಲಿ — ತನ್ನ ಪ್ರಾರ್ಥನೆ ತನಗೇ ಕೇಳಿತು, ಕೂಸಿಗೆ ದೊಡ್ಡ ರೋಗ ಬರಲೆಂದು ಬೇಡುವ ಹೆಂಗಸು ಇನ್ನೊಬ್ಬಳಿದ್ದಾಳೆಯೇ ಈ ನದಿಯ ದಡದಲ್ಲಿ. ನೆಗಡಿ, ಎರಡು ಸೀನು, ಒಂದು ಕರವಸ್ತ್ರದಲ್ಲಿ ಮುಗಿದು ಹೋಗುವುದು, ಅದರ ಪಾಡಿಗೆ ಅದು ಬಂದು ಹೋಗುವುದು, ಅಷ್ಟು ಸಣ್ಣದು ಇಷ್ಟು ಸಣ್ಣ ಎದೆಯನ್ನು ತುಂಬಿಬಿಡುತ್ತದೆ ಎನ್ನುವುದನ್ನು ಇಪ್ಪತ್ತಮೂರು ವರ್ಷದಲ್ಲಿ ಎಷ್ಟು ಸಲ ನೋಡಿಲ್ಲ, ಪ್ರತಿ ಚಳಿಗಾಲ ಇಬ್ಬರು ಮೂವರನ್ನು ವಿಮಾನ ಹತ್ತಿಸಿಲ್ಲ, ಒಂದು ಸಲ ಒಂದು ಕೂಸು ಪೆಟ್ಟಿಗೆಯಲ್ಲಿ ಹಿಂತಿರುಗಿತು, ಬೂಟಿನ ಪೆಟ್ಟಿಗೆಗಿಂತ ಚೂರು ದೊಡ್ಡದು. ಬಿತ್ತು, ಎದ್ದಿತು. ನದಿಯ ಮೇಲೂ ಹೀಗೇ ಒಂದು ಕಿಂಡಿ ಇತ್ತು. ನವೆಂಬರ್, ಮಂಜುಗಡ್ಡೆ ಇನ್ನೂ ತೆಳುವಾಗಿದ್ದಾಗ, ಇರಾಲುಕ್ ಹಿಮದ ಮೇಲೆ ಓಡಿಸುವ ಸ್ನೋಮಷೀನ್ ಸಮೇತ ನೀರಿನೊಳಗೆ ಹೋದ, ಗಂಡಸರು ಕಿಂಡಿ ಕೊರೆದು ಉದ್ದನೆಯ ಗಳುವಿಗೆ ಕೊಕ್ಕೆ ಕಟ್ಟಿ ತಳ ಜಾಲಾಡಿದರು, ಹೆಂಗಸರು ದಡದಲ್ಲಿ ಚಹಾ ಕಾಯಿಸಿದರು, ಬೆಳಗಾದರೆ ಕಿಂಡಿಯ ಬಾಯಿಗೆ ಹೊಸ ಪೊರೆ, ಒಡೆದರು, ಮತ್ತೆ ಪೊರೆ, ಮತ್ತೆ ಒಡೆದರು, ಹನ್ನೊಂದು ದಿನ. ಹನ್ನೆರಡನೆಯ ದಿನ ನೆಲ್ಸ್ ಕೊಕ್ಕೆ ಬಿಚ್ಚಿ ಹಗ್ಗ ಸುತ್ತಿಕೊಂಡ, ಅವಳ ಮುಖ ನೋಡಲಿಲ್ಲ. ಮರುದಿನ ಹೋಗಿ ನೋಡಿದರೆ ಕಿಂಡಿ ಇಲ್ಲ, ಸಪಾಟು, ಎಲ್ಲಿತ್ತು ಎನ್ನುವುದೂ ಗೊತ್ತಾಗದಷ್ಟು ಸಪಾಟು. ಹೂಳಲು ಏನೂ ಸಿಗಲಿಲ್ಲ, ಹೆಸರೊಂದೇ ಉಳಿದಿತ್ತು, ಆ ಹೆಸರು ಈಗ ಕೇಲೀನಳ ತೋಳಿನಲ್ಲಿದೆ, ಅದರ ಉಗುರುಗಳು ನೀಲಿ ತಿರುಗುತ್ತಿವೆ.

ಚಿಕ್ಕಮ್ಮ, ಒಂದ್ಚೂರು ಹಾಲು ಕೊಡ್ಲಾ, ಡಾಕ್ಟ್ರು ಹೇಳಿದ್ರಲ್ಲ. ಬೇಡ ಎನ್ನಬೇಕಿತ್ತು, ಅಂದರೆ ಯಾಕೆ ಎನ್ನುತ್ತಾಳೆ, ಯಾಕೆ ಎಂದರೆ — ಹುಂ, ಸ್ವಲ್ಪ. ಆ ಹುಂ ಬಾಯಿಂದ ಬಿದ್ದದ್ದು ಅವಳಿಗೆ ಇನ್ನೂ ಕೇಳುತ್ತಿದೆ. ಮಗು ಎರಡು ಗುಟುಕು ಚೀಪಿತು, ಮೂರನೆಯದಕ್ಕೆ ಬಾಯಿ ಸಡಿಲಾಯಿತು, ತುಟಿಯಂಚಿನಿಂದ ಹಾಲು ಇಳಿಯಿತು, ಎಷ್ಟು ಶಾಂತವಾಗಿದೆ, ಅಬ್ಬ, ಕುಳಿ ಇಲ್ಲ, ಕೊರಳು ನುಣ್ಣಗಿದೆ, ಮಲಗ್ತಾ ಎಂದಳು ಕೇಲೀನ್ ಪಿಸುಮಾತಿನಲ್ಲಿ, ನಗುತ್ತ, ಕೊನೆಗೂ ಮಲಗ್ತು, ಮಾಟ್ರೋನಾಳಿಗೂ ಅರೆಗಳಿಗೆ ಹಾಗೇ ಅನಿಸಿತು, ಆಮೇಲೆ ಕೆಂಪು ದೀಪದ ಪೆಟ್ಟಿಗೆ ಕಿರುಚತೊಡಗಿತು, ಎಂಬತ್ತು, ಎಪ್ಪತ್ತೊಂದು, ಕೊಡು, ಕೊಡೇ ಇಲ್ಲಿ, ಕಿತ್ತುಕೊಂಡಳು, ಮಗುಚಿದಳು, ಬೆನ್ನು ತಟ್ಟಿ, ತಿರುಗಿಸಿ, ಬಾಯಿಯ ಹಾಲೆಳೆದು, ಅಂಗಾಲಿಗೆ ಉಗುರಿನಿಂದ ಚಿಟಿಕೆ ಹೊಡೆದಳು, ಒಂದು, ಎರಡು, ಮುದುಕಾ, ಏ ಮುದುಕಾ, ಮೂರು, ಕಾಲು ಸೆಳೆದುಕೊಂಡಿತು, ಕುಳಿ ಬಿತ್ತು. ಬಿತ್ತು! ಎದ್ದಿತು. ಮತ್ತೆ ಬಿತ್ತು. ಫೋನಿನಲ್ಲಿ ಡಾಕ್ಟರು ಯಾವಾಗ ಬಂದರೋ, ಏನಾಯ್ತು ಮಾಟ್ರೋನಾ, ಏನಾಯ್ತು, ಎನ್ನುತ್ತಿದ್ದಾರೆ. ಉಸಿರು ನಿಲ್ಸಿತ್ತು ಡಾಕ್ಟ್ರೇ. ಬಂತಾ? ಬಂತು. ಡಾಕ್ಟ್ರೇ, ನಂಗೆ ನೆಗಡಿ ಇತ್ತು. ಹೇಳಿದ್ದು ಯಾರು? ತಾನೇ. ಭಾನುವಾರ ನಂಗೆ ನೆಗಡಿ ಇತ್ತು, ನಾನು ಮಗೂನ ಮೂಸಿ ಮುದ್ದಾಡಿದೆ, ಕೆನ್ನೆಗೆ ಮೂಗು ಒತ್ತಿ. ಸರಿ, ಎಂದರು ಡಾಕ್ಟರು, ಹೇಳಿದ್ದು ಒಳ್ಳೇದಾಯ್ತು, ಹಾಲು ನಿಲ್ಸಿ, ಮೂಗು ಎಳೀತಾ ಇರಿ, ಕಣ್ಣು ಕೀಳ್ಬೇಡಿ, ಮತ್ತೆ ನಿಲ್ಸುತ್ತೆ, ಆಗ ಹೀಗೇ ಎಬ್ಬಿಸಿ, ವಿಮಾನದೋರಿಗೆ ಗಾಳಿ ಯಂತ್ರ ಹಾಕ್ಕೊಳ್ಳೋಕೆ ಹೇಳ್ತೀನಿ. ಬೈಯಲಿಲ್ಲ. ಬೈದಿದ್ದರೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು.

ಕೇಲೀನ್ ನಿಂತಿದ್ದಾಳೆ, ಖಾಲಿ ತೋಳು ಇನ್ನೂ ಮಗುವಿನ ಆಕಾರದಲ್ಲೇ ಬಾಗಿದೆ. ನೀವು ಮಾಸ್ಕ್ ಹಾಕ್ಕೊಂಡು ಬಂದಿದ್ರಲ್ಲ, ಚಿಕ್ಕಮ್ಮ. ಒಳಗೆ ಬಂದು ತೆಗ್ದೆ. ಯಾಕೆ? ಗಾಳಿ ಗೋಡೆಯನ್ನು ಬಡಿಯಿತು, ಬಾಟಲಿ ಗುಳುಗುಳು ಎಂದಿತು. ನಿನ್ ಚಿಕ್ಕಪ್ಪ ನನ್ನ ಗುರುತು ಹಿಡೀಲಿ ಅಂತ. ಕೇಲೀನ್ ಮಗುವನ್ನು ವಾಪಸ್ ಕೇಳಲಿಲ್ಲ, ಚೀಟಿ ಅಂಟಿಸಿದ ಗೋಡೆಯ ಕಡೆ ತಿರುಗಿ ಕಿತ್ತುಬಂದ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತತೊಡಗಿದಳು, ಒತ್ತಿದರೆ ಕೂರುತ್ತದೆ, ಬಿಟ್ಟರೆ ಏಳುತ್ತದೆ, ಭುಜ ಅಲುಗುತ್ತಿದೆ, ಆ ಕಡೆಗೇ ಮುಖ ಮಾಡಿ ಅಂದಳು, ಎಣಿಸಿ ಚಿಕ್ಕಮ್ಮ, ನೀವೇ ಇಟ್ಕೊಂಡು ಎಣಿಸಿ. ಕ್ಷಮಿಸಿದ್ದೇನೆಂದೇ? ಅಲ್ಲ, ಬೇರೆ ಯಾರೂ ಇಲ್ಲವೆಂದು, ಇಷ್ಟು ದೊಡ್ಡ ಬಿಳುಪಿನಲ್ಲಿ ಎಣಿಸಲು ಬರುವುದು ಇವಳೊಬ್ಬಳಿಗೇ ಎಂದು.

ಎಣಿಸುತ್ತಾಳೆ. ಎರಡು ಗಂಟೆ, ಎರಡೂವರೆ, ಮೂಗಿಗೆ ಹನಿ, ರಬ್ಬರಿನ ಉಂಡೆ, ಮತ್ತೊಮ್ಮೆ ನಿಲ್ಲಿಸಿತು, ಅಂಗಾಲು, ನಾಲ್ಕು ಎಣಿಸುವಷ್ಟರಲ್ಲಿ ಬಂತು, ಮೂರು ಗಂಟೆಗೆ ಗಾಳಿಯೊಳಗೆ ಬೇರೊಂದು ಸದ್ದು, ಮೇಲೆ, ಗೊಂಯ್ ಎಂದು, ಕೇಲೀನ್ ಕಿಟಕಿಗೆ ಓಡಿದಳು, ಬಂತು ಚಿಕ್ಕಮ್ಮ, ಬಂತು, ಸದ್ದು ಹತ್ತಿರವಾಯಿತು, ತಲೆಯ ಮೇಲೇ ಬಂತು, ಮೇಜಿನ ಮೇಲಿನ ಕತ್ತರಿ ಗಿಣಿಗಿಣಿ ಅಂದಿತು, ಸುತ್ತು ಹಾಕಿತು, ಮತ್ತೊಂದು ಸುತ್ತು, ಇಳಿ, ಇಳಿಯೋ ಮಾರಾಯ, ಆಮೇಲೆ ಸದ್ದು ತೆಳುವಾಯಿತು, ನದಿಯ ಕಡೆ ತೆಳುವಾಗುತ್ತ ಹೋಯಿತು, ವೈರ್‌ಲೆಸ್ ಪೆಟ್ಟಿಗೆ ಕರಕರ ಎಂದಿತು, ಮಾಟ್ರೋನಕ್ಕ, ದೀಪ ಕಾಣ್ಲಿಲ್ಲವಂತೆ, ಎರಡು ಸಲ ನೋಡಿದ್ರು, ಎಣ್ಣೆ ತುಂಬಿಸ್ಕೊಂಡು ಮತ್ತೆ ಬರ್ತಾರಂತೆ, ಎರಡು ಗಂಟೆಯಾಗುತ್ತೆ, ಅವನಿಗೆ ಹೇಳು, ಇರು ಅಂತ ಹೇಳು, ನಾನು ಹಗ್ಗ ಸುತ್ತಿಲ್ಲ ಅಂತ ಹೇಳು. ನೆಲ್ಸ್ ಅಳುತ್ತಿದ್ದಾನೆ. ಕೇಳಿಸ್ತಾ ಮುದುಕಾ, ಎರಡು ಗಂಟೆ, ಎರಡು ಗಂಟೆಯೆಂದರೆ ಎಷ್ಟು ಉಸಿರು, ಗುಣಿಸಬಾರದು, ಒಂದೊಂದೇ ಸಾಕು, ಬೆಳಿಗ್ಗೆಯಿಂದ ಈ ಕುಳಿ ತುಂಬಿಕೊಳ್ಳಲಿ ಎಂದು ಬೇಡಿದವಳು ಈಗ ಬೀಳಲಿ ಎಂದು ಬೇಡುತ್ತಾಳೆ, ಬಿತ್ತು, ಎದ್ದಿತು, ಬಿತ್ತು, ಮೂಗು ಸೋರುತ್ತಿದೆ ಮಾಸ್ಕಿನೊಳಗೆ, ತುಟಿಗೆ ಇಳಿಯುತ್ತಿದೆ, ಇಳಿಯಲಿ, ಒರೆಸಲು ಕೈ ತೆಗೆಯುವಂತಿಲ್ಲ, ಒಂದು ಕೈ ತಲೆಯ ಕೆಳಗೆ, ಒಂದು ಕೈ ಅಂಗಾಲಿನ ಮೇಲೆ, ಮಗು ಕಣ್ಣು ತೆರೆದಿದೆ, ಅವಳನ್ನೇ ನೋಡುತ್ತಿದೆ, ಅರ್ಧ ಮುಖ ಬಟ್ಟೆ, ಅರ್ಧ ಕಣ್ಣು, ನಾನೇ ಕಣೋ, ಇಷ್ಟರಲ್ಲೇ ಗುರುತು ಹಿಡಿ, ಬಿತ್ತು, ಎದ್ದಿತು, ಎದ್ದಿತು, ಸಪಾಟು. ಅಂಗಾಲು. ಒಂದು, ಎರಡು. ಸಪಾಟು. ಪೊರೆ ಕಟ್ಟಬೇಡ. ಮೂರು. ನಾಲ್ಕು. ನಾನೇ. ಐದು. ಬೀಳು. ಕೊರಳ ಬುಡದಲ್ಲಿ, ಎರಡು ಎಲುಬು ಬಂದು ಕೂಡುವಲ್ಲಿ, ಬೀಳು — ಬಿತ್ತು. ಒಂದು ಹಣ್ಣು ಕೂರುವಷ್ಟು ಕುಳಿ. ಎದ್ದಿತು. ಸಪಾಟು. ಬೀಳು.